ತಾರೀಖು ನೋಡದ ಗುಮಾಸ್ತ

ನಮ್ಮ ತೀರ್ಥಹಳ್ಳಿ ಕಡೆ ಬೇಸಿಗೆಯ ಮಳೆಗಿಂತ ಅದರ ಜೊತೆ ಬರುವ ಸಿಡಿಲಿಗೇ ಹೆಚ್ಚು ಹೆದರಬೇಕು. ಮೋಡ ಕಟ್ಟಿದ್ದು ಕಂಡರೆ ಟಿ.ವಿ., ಫ್ರಿಜ್ಜು, ಕಂಪ್ಯೂಟರ್ ಎಲ್ಲದರ ಪ್ಲಗ್ಗು ಕೀಳುತ್ತೇವೆ. ಈ ಏಪ್ರಿಲ್‌ನಲ್ಲಿ ಒಂದು ಸಂಜೆ ನಾನು ತುಂಗೆಯ ದಡಕ್ಕೆ ವಾಕಿಂಗ್ ಹೋಗಿದ್ದೆ. ನನ್ನವಳು ಅಂಗಳದಲ್ಲಿ ಒಣಗಲು ಹಾಕಿದ್ದ ಹಲಸಿನ ಹಪ್ಪಳವನ್ನು ಒಳಗೆ ತರುವ ಗಡಿಬಿಡಿಯಲ್ಲಿದ್ದಳು. ಪ್ಲಗ್ಗು ಯಾರಿಗೂ ನೆನಪಾಗಲಿಲ್ಲ. ಹಪ್ಪಳ ಉಳಿಯಿತು, ಹನ್ನೊಂದು ವರ್ಷದ ಕಂಪ್ಯೂಟರ್ ಹೋಯಿತು.

"ಮದರ್‌ಬೋರ್ಡ್ ಸುಟ್ಟಿದೆ ಸಾರ್, ಹೊಸದೇ ತಗೊಳ್ಳಿ" ಅಂದ ರಿಪೇರಿ ಹುಡುಗ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಬಹಳ ಕಾಲದಿಂದ ಶೆಲ್ಫಿನ ಮೇಲೆ ಕೂತಿದ್ದ ಕಂಪ್ಯೂಟರ್ ಕಡಿಮೆ ಬೆಲೆಗೆ ಸಿಕ್ಕಿತು. ಹಳೆಯದನ್ನು ಗುಜರಿಯವನು ಬಂದಾಗ ಕೊಡೋಣವೆಂದು ಮೆಟ್ಟಿಲ ಕೆಳಗೆ ತಳ್ಳಿದೆ.

"ವಾಟ್ಸ್ಯಾಪ್ ಇರುವಾಗ ಇಮೇಲ್ ಯಾಕಪ್ಪಾ ನಿಮಗೆ?" ಅಂತ ಮಗ ಕೇಳಿದ. ಕಾರಣ ನನ್ನ ಅಣ್ಣ. ಸಾಗರದಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಭಾನುವಾರಕ್ಕೊಂದು ಇಮೇಲ್ ಬರೆಯುತ್ತಿದ್ದ, ಅದೂ ಕನ್ನಡದಲ್ಲಿ, ಒಂದೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ. ಮಳೆ ಎಷ್ಟು ಬಿತ್ತು, ಅಡಿಕೆಗೆ ಕೊಳೆ ಬಂತೋ ಇಲ್ಲವೋ, ಯಾರ ಮನೆ ಹಸು ಕರು ಹಾಕಿತು, ಇಂಥದೇ ಸುದ್ದಿ. ಎರಡು ವರ್ಷದ ಹಿಂದೆ ಅವನು ತೀರಿಕೊಂಡ. ಆ ಕಾಗದಗಳನ್ನು ನಾನು ಆಗಾಗ ತೆಗೆದು ಓದುತ್ತಿದ್ದೆ. ಹೊಸ ಕಂಪ್ಯೂಟರಿನಲ್ಲಿ ಅದೇ ಅಕೌಂಟು ಕೂರಿಸಿದರೆ ಅವೂ ಹಿಂದೆಯೇ ಬರುತ್ತವೆ ಅಂತ ನನ್ನ ಲೆಕ್ಕ.

ರಜೆಗೆ ಬಂದಿದ್ದ ಮೊಮ್ಮಗಳು ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಶುರುಮಾಡಿದೆ. ಅವಳು ಈಗ ಎಂಟನೇ ಕ್ಲಾಸಿಗೆ. ವಿಳಾಸ ಟೈಪ್ ಮಾಡುವಾಗ "ಅಜ್ಜಾ, ಅಟ್ ದಿ ರೇಟ್ ಹಾಕು" ಅಂದಳು. ನನಗೆ ನಗು ಬಂತು. ಬ್ಯಾಂಕಿನಲ್ಲಿ ನಾವು ಆ ಚಿಹ್ನೆಯನ್ನು ಬಡ್ಡಿಯ ದರದ ಹಿಂದೆ ಬರೆಯುತ್ತಿದ್ದೆವು. ಅದನ್ನು 1971ರಲ್ಲಿ ಇಮೇಲ್ ವಿಳಾಸಕ್ಕೆ ತಂದವರು ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್. ಜನರ ಹೆಸರಿನಲ್ಲಿ ಎಲ್ಲೂ ಬರದ ಚಿಹ್ನೆ, ಹಾಗಾಗಿ ಗೊಂದಲವಿಲ್ಲ ಅಂತ ಆರಿಸಿದರಂತೆ. ಮರುವರ್ಷ, 1972ರ ಆಗಸ್ಟ್ 15ರಂದು, ನಮ್ಮ ದೇಶಕ್ಕೆ ಪಿನ್ ಕೋಡ್ ಬಂತು. ಆಮೇಲೆ ನಮ್ಮೂರು 577432 ಆಯಿತು. ಎರಡು ಬಗೆಯ ಅಂಚೆಗೂ ವಿಳಾಸ ಗಟ್ಟಿಯಾದದ್ದು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ.

ಇರಲಿ. ಹೆಸರು, ವಿಳಾಸ, ಪಾಸ್‌ವರ್ಡ್ ಎಲ್ಲ ಕೊಟ್ಟು ಬಟನ್ ಒತ್ತಿದರೆ, ಸರ್ವರಿನ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ಎಚ್ಚರಿಕೆ ಬಂತು. ಪಾಸ್‌ವರ್ಡ್ ತಪ್ಪಿರಬೇಕೆಂದು ನಾಲ್ಕು ಸಲ ಹೊಡೆದೆ. ಕ್ಯಾಪ್ಸ್ ಲಾಕ್ ನೋಡಿದೆ. ಪೋರ್ಟ್ ಎಂಬ ಜಾಗದಲ್ಲಿ 993 ಇರಬೇಕು, ಅದೂ ಇತ್ತು. ಒಂದೂವರೆ ಗಂಟೆ ಕಳೆಯಿತು. ಮೊದಲು ಕೋಪ ಬಂತು, ಆಮೇಲೆ ವಯಸ್ಸಾಯಿತಲ್ಲ ಎಂಬ ಬೇಸರ ಬಂತು.

ಪುಟ್ಟಿ ಪರದೆಯ ಮೂಲೆಯತ್ತ ಬೆರಳು ತೋರಿಸಿದಳು. "ಅಜ್ಜಾ, ಇವತ್ತು ಜನವರಿ ಒಂದಾ?"

ನೋಡಿದರೆ 1 ಜನವರಿ 2018!

ಮಕ್ಕಳೇ, ನಮ್ಮ ಪತ್ರಗಳನ್ನು ಇಟ್ಟುಕೊಂಡಿರುವ ದೂರದ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ನಾನು ಅಸಲಿ ಎಂದು ಹೇಳಲು ಅದು ಒಂದು ಗುರುತಿನ ಪತ್ರ ತೋರಿಸುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅದಕ್ಕೆ ಅವಧಿ ಇರುತ್ತದೆ. ನನ್ನ ಕಂಪ್ಯೂಟರು 2018ರಲ್ಲೇ ಕೂತಿದೆ, ಪತ್ರ ಮಾತ್ರ ಈ ವರ್ಷದ್ದು. ಇನ್ನೂ ಹುಟ್ಟದ ಪತ್ರ ಎಂದು ಅದು ಹಿಂದೆ ಸರಿಸಿತು. ಮುಂದಿನ ತಾರೀಖಿನ ಚೆಕ್ಕು ತಂದರೆ ನಾವು ವಾಪಸ್ ಕೊಡುತ್ತಿದ್ದೆವಲ್ಲ, ಹಾಗೆ. ಕೌಂಟರಿನಲ್ಲಿ ಚೆಕ್ಕು ಕೈಗೆ ಬಂದರೆ ಮೊದಲು ನೋಡುವುದೇ ತಾರೀಖು. ಮುಂದಿನದೋ, ಹಳಸಿದ್ದೋ ಅಂತ. ಚೆಕ್ಕಿಗೆ ಮೊದಲು ಆರು ತಿಂಗಳ ಆಯುಷ್ಯವಿತ್ತು, 1 ಏಪ್ರಿಲ್ 2012ರಿಂದ ಮೂರೇ ತಿಂಗಳು. ಇದನ್ನೇ ನೋಡಿ ನೋಡಿ ಕಣ್ಣು ಸವೆಸಿಕೊಂಡವನು ನಾನು, ಮೂಲೆಯಲ್ಲಿದ್ದ ತಾರೀಖು ನೋಡಲಿಲ್ಲ!

ತಾರೀಖು ಸರಿಪಡಿಸಿದ ಕೂಡಲೇ ಅಕೌಂಟು ತೆರೆಯಿತು. ಆದರೆ ಮರುದಿನ ಬೆಳಿಗ್ಗೆ ಮತ್ತೆ ಅದೇ ಎಚ್ಚರಿಕೆ, ಮತ್ತೆ 2018. ತಪ್ಪು ನನ್ನ ಹೊಸ ಎಚ್ಚರದಲ್ಲಿತ್ತು. ಸಿಡಿಲಿನ ಭಯಕ್ಕೆ ರಾತ್ರಿ ಪ್ಲಗ್ಗು ಕಿತ್ತಿಡುತ್ತಿದ್ದೆ. ಕರೆಂಟು ಪೂರಾ ತಪ್ಪಿದಾಗ ಒಳಗಿನ ಗಡಿಯಾರ ಓಡುವುದು ಒಂದು ಪುಟ್ಟ ಸೆಲ್ಲಿನಿಂದ. ಶೆಲ್ಫಿನ ಮೇಲೆ ಕೂತು ಕೂತು ಆ ಸೆಲ್ಲು ಸತ್ತಿತ್ತು. ಅದರ ಮೇಲೆ ಸಿ.ಆರ್. 2032 ಎಂದಿತ್ತು. ಅದರಲ್ಲೇ ಅಳತೆ ಇದೆ: ಅಗಲ 20 ಮಿಲಿಮೀಟರ್, ದಪ್ಪ 3.2. ಪೇಟೆಯಲ್ಲಿ ಹೊಸದು ತಂದು ಹಾಕಿಸಿದೆವು.

ಇಷ್ಟಾದ ಮೇಲೆ ನೋಡಿದರೆ ಅಣ್ಣನ ಕಾಗದ ಒಂದೂ ಇಲ್ಲ.

ಕೈಕಾಲು ತಣ್ಣಗಾಯಿತು. ಆಮೇಲೆ ನೆನಪಾಯಿತು. ಸರ್ವರಿನಿಂದ ಪತ್ರ ತರಿಸಿಕೊಳ್ಳಲು ಎರಡು ಬಗೆ ಇವೆ. ಪಾಪ್ ಎಂಬುದು ಅಂಚೆ ಕಚೇರಿಯ ಪೆಟ್ಟಿಗೆಯಿಂದ ಕಾಗದಗಳನ್ನು ಮನೆಗೆ ತಂದಿಟ್ಟುಕೊಂಡ ಹಾಗೆ. ಐಮ್ಯಾಪ್ ಎಂಬುದು ಕಾಗದವನ್ನು ಅಲ್ಲೇ ಬಿಟ್ಟು ಹೋಗಿ ಓದಿ ಬಂದ ಹಾಗೆ. ಯಾವ ಕಂಪ್ಯೂಟರಿನಿಂದ ಹೋದರೂ ಕಾಣುತ್ತದೆ. ನನ್ನ ಹಳೆಯ ಕಂಪ್ಯೂಟರ್ ಇದ್ದದ್ದು ಪಾಪ್‌ನಲ್ಲಿ. ಜಾಗ ತುಂಬುತ್ತಿದೆ ಎಂಬ ಸೂಚನೆ ಬಂದಾಗ, ತಂದ ಮೇಲೆ ಅಲ್ಲಿ ಅಳಿಸಿಬಿಡು ಅಂತ ಗುರುತು ಹಾಕಿದವನೂ ನಾನೇ. ಅಂದರೆ ಅಣ್ಣನ ಕಾಗದಗಳು ಇಡೀ ಜಗತ್ತಿನಲ್ಲಿ ಇದ್ದದ್ದು ಸಿಡಿಲು ಬಡಿದ ಆ ಡಬ್ಬದಲ್ಲಿ ಮಾತ್ರ. ಆ ರಾತ್ರಿ ಊಟ ಸೇರಲಿಲ್ಲ.

"ಸುಟ್ಟಿದ್ದು ಮದರ್‌ಬೋರ್ಡ್ ತಾನೇ ಅಜ್ಜಾ? ಕಾಗದ ಇರೋದು ಹಾರ್ಡ್ ಡಿಸ್ಕಲ್ಲಿ ಅಲ್ವಾ?" ಅಂದಳು ಪುಟ್ಟಿ.

ಗುಜರಿಯವನು ಆ ವಾರ ಬಾರದಿದ್ದದ್ದು ನಮ್ಮ ಪುಣ್ಯ. ರಿಪೇರಿ ಹುಡುಗ ಹಳೆಯ ಡಿಸ್ಕನ್ನು ಬಿಚ್ಚಿ, ಯು.ಎಸ್.ಬಿ. ತಂತಿಯ ಒಂದು ಡಬ್ಬಿಯೊಳಗೆ ಕೂರಿಸಿಕೊಟ್ಟ. ಹೊಸ ಕಂಪ್ಯೂಟರಿಗೆ ಸಿಕ್ಕಿಸಿದೆವು. ಗುರ್ ಎಂದು ತಿರುಗಿತು. ನಾನು ಉಸಿರು ಬಿಗಿಹಿಡಿದಿದ್ದೆ. ನಾನು ಬಳಸುತ್ತಿದ್ದ ತಂತ್ರಾಂಶದ ಹೆಸರು ಥಂಡರ್‌ಬರ್ಡ್, ಗುಡುಗಿನ ಹಕ್ಕಿ! ಅದು ಎಲ್ಲ ಪತ್ರಗಳನ್ನೂ ಪ್ರೊಫೈಲ್ ಎಂಬ ಒಂದೇ ಫೋಲ್ಡರಿನಲ್ಲಿ ಇಟ್ಟಿರುತ್ತದೆ. ಅರ್ಥವಿಲ್ಲದ ಅಕ್ಷರಗಳ ಹೆಸರಿನ ಆ ಫೋಲ್ಡರನ್ನು ಪುಟ್ಟಿ ಹುಡುಕಿ ತೆಗೆದು ಹೊಸ ಕಂಪ್ಯೂಟರಿಗೆ ನಕಲು ಮಾಡಿದಳು. ಅದರ ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಹೋಗಿ ಈಗ ಬೀರುವಿನಲ್ಲಿ, ಮನೆಪತ್ರದ ಜೊತೆ ಇದೆ. ಹೊಸ ಪತ್ರಗಳಿಗೆ ಐಮ್ಯಾಪ್ ಮಾಡಿದ್ದೇವೆ.

ಅಣ್ಣನ ಹೆಸರು ಒಂದರ ಕೆಳಗೊಂದು ಸಾಲಾಗಿ ಬಂತು. 411 ಕಾಗದ. ಒಂದನ್ನು ಪುಟ್ಟಿ ಗಟ್ಟಿಯಾಗಿ ಓದಿದಳು. ನನ್ನವಳು ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ಈ ಸಲ ಅಪ್ಪೆಮಿಡಿ ಬಹಳ ಕಡಿಮೆ ಕಣೋ. ಆದ್ರೂ ನಿಂಗೆ ಅಂತ ಒಂದು ಜಾಡಿ ಹಾಕಿ ಇಟ್ಟಿದ್ದೀನಿ. ಮಳೆ ಹಿಡಿಯೋದ್ರೊಳಗೆ ಒಂದು ಸಲ ಬಂದು ಹೋಗು."

"ಹೋಗಿ ತಂದ್ಯಾ ಅಜ್ಜಾ?"

"ಇಲ್ಲ ಪುಟ್ಟಿ. ಏನೋ ಕೆಲಸ ಅಂದ್ಕೊಂಡು ಹೋಗ್ಲಿಲ್ಲ. ಹೊಸನಗರದ ಮೇಲೆ ಬರೋ ಬಸ್ಸಿಗೆ ಹಾಕಿ ಅವನೇ ಕಳಿಸಿದ."

"ಮುಂದಿನದು ಓದ್ಲಾ?" ಅಂದಳು. ಓದು ಅಂದೆ.