ನಿಂತ ಗಾಡಿ ಕಲಿಸಿದ ಪಾಠ

ಬಸವಕಲ್ಯಾಣದಲ್ಲಿ ಬೆಳೆದವರಿಗೆ ಕಾಯಕವೆಂಬ ಮಾತು ಹೊಸದಲ್ಲ. ಆದರೆ ಅದರ ಅರ್ಥ ನನ್ನ ಕೈಗೆ ತಿಳಿದದ್ದು ಬಹು ತಡವಾಗಿ, ತೀರ್ಥರೂಪರ ಯೆಜ್ಡಿ ಮೋಟಾರ್ ಸೈಕಲ್ಲಿನಿಂದ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅವರು ಲಿಂಗೈಕ್ಯರಾದ ಮೇಲೆ ಗಾಡಿಯೂ ಹದಿನೆಂಟು ವರ್ಷ ಪಡಸಾಲೆಯ ಮೂಲೆ ಹಿಡಿದಿತ್ತು. ಗುಜರಿಗೆ ಕೊಡುವ ಮಾತು ಬಂದಾಗ, ಯಂತ್ರದ ಗಂಧವೂ ಇಲ್ಲದ ನಾನು ಅದನ್ನು ನಡೆಸಲು ಮುಂದಾದೆನು.

ಹುಮನಾಬಾದಿನ ವೃದ್ಧ ಮಿಸ್ತ್ರಿಯೊಬ್ಬರು ಮೊದಲೇ ತಡೆದರು: “ಕಿಕ್ ಹೊಡೀಬ್ಯಾಡ್ರಿ ಸರ್, ಒಳಗ ಏನದ ನೋಡ್ರಿ.” ತುಕ್ಕು ಹಿಡಿದ ಸಿಲಿಂಡರಿನಲ್ಲಿ ಪಿಸ್ಟನ್ನನ್ನು ಬಲವಂತವಾಗಿ ಸರಿಸಿದರೆ ಗೀರು ಬೀಳುತ್ತದೆ. ಆದ್ದರಿಂದ ಪ್ಲಗ್ ಬಿಚ್ಚಿ, ಒಳಗೆ ಎಣ್ಣೆ ಬಿಟ್ಟು, ರಾತ್ರಿಯೆಲ್ಲ ಕಾದು, ಕಿಕ್ಕನ್ನು ಕೈಯಿಂದಲೇ ಮೆಲ್ಲನೆ ಒತ್ತಿದೆವು. ಟಾಕಿಯಲ್ಲಿ ಅಂಟಾಗಿದ್ದ ಹಳೆಯ ಪೆಟ್ರೋಲು ತೆಗೆದೆವು, ಕಾರ್ಬ್ಯುರೇಟರಿನ ಜೆಟ್ಟಿನ ಸೂಜಿರಂಧ್ರ ಬಿಡಿಸಿದೆವು, ಪಾಯಿಂಟುಗಳನ್ನು ಉಜ್ಜಿದೆವು. ಟೂ-ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನಿಗೆ ಪೆಟ್ರೋಲಿನಲ್ಲಿ ಬೆರೆತ ಎಣ್ಣೆಯೇ ರಕ್ಷೆ. ಲೀಟರಿಗೆ 40 ಮಿಲಿಲೀಟರಿನಂತೆ ಬೆರೆಸಿದೆವು.

ಮೂರನೆಯ ದಿನ ಹೊಗೆಯುಗುಳಿ ಎಂಜಿನ್ ನುಡಿಯಿತು. ತಾಯಿಯವರು ಒಳಮನೆಯಿಂದ ಬಂದು, ಮಾತಿಲ್ಲದೆ ಆ ಸದ್ದನ್ನು ಕೇಳುತ್ತ ನಿಂತರು. ಇದೇ ಗಾಡಿಯ ಮೇಲೆ ತೀರ್ಥರೂಪರು ನಿತ್ಯ ಹುಮನಾಬಾದಿಗೆ ಹೋಗಿ ಮಕ್ಕಳಿಗೆ ಪಾಠ ಹೇಳಿದ್ದರು. ಬ್ರೇಕು, ಟಯರು ಸರಿಪಡಿಸಿದ ಮೇಲೆಯೇ ನಾನು ಆ ಹಾದಿ ಹಿಡಿದೆನು.

ಆತುರದ ಬಲಕ್ಕಿಂತ ಕ್ರಮದ ತಾಳ್ಮೆ ದೊಡ್ಡದು. ಕಾಯಕವೆಂದು ಬರೆಯುವ ನಮ್ಮ ವಿದ್ಯಾರ್ಥಿಗಳ ಕೈಗೆ ಒಂದು ಪಾನಾ ಕೂಡ ದೊರೆಯಲಿ.