ಸ್ಮಾಗ್ ಚೆಕ್‌ಗೆ ಮುಂಚೆ ಬ್ಯಾಟರಿ ಮುಟ್ಟಬೇಡಿ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಮಾಗ್ ಚೆಕ್ (ವಾಹನ ಮಾಲಿನ್ಯ ತಪಾಸಣೆ) ನೋಟಿಸ್ ಬಂದ ವಾರವೇ ಹಳೇ ಕಾರಿನ ಆ ಹಳದಿ ಎಂಜಿನ್ ದೀಪ ಹತ್ತಿಕೊಳ್ಳುತ್ತೆ, ಕಾದು ಕೂತಿದ್ದ ಹಾಗೆ. ಬಹಳ ಸಲ ಕೈಕೊಟ್ಟಿರೋದು ಆಕ್ಸಿಜನ್ ಸೆನ್ಸರ್. "ಬ್ಯಾಟರಿ ವೈರ್ ಬಿಚ್ಚಿ ಹಾಕು ಗುರು, ಆರಿಹೋಗುತ್ತೆ" ಅನ್ನೋ ಸಲಹೆ ವಾಟ್ಸಾಪಲ್ಲಿ ಪುಕ್ಕಟೆ ಸಿಗುತ್ತೆ. ದೀಪ ಆರೋದೇನೋ ನಿಜ. ಆದರೆ 2000ನೇ ಇಸವಿಯಿಂದೀಚಿನ ಪೆಟ್ರೋಲ್ ಕಾರುಗಳಲ್ಲಿ ಸೈಲೆನ್ಸರ್ ಹೊಗೆ ಅಳೆಯೋದಿಲ್ಲ, ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ವೈರ್ ಸಿಕ್ಕಿಸಿ ಕಾರಿನ ಕಂಪ್ಯೂಟರನ್ನೇ ಕೇಳ್ತಾರೆ. ಬ್ಯಾಟರಿ ಬಿಚ್ಚಿದ್ದಕ್ಕೆ ನೆನಪು ಅಳಿಸಿಹೋದ ಕಂಪ್ಯೂಟರ್ "ನನ್ನ ಸ್ವಂತ ತಪಾಸಣೆಗಳೇ ಇನ್ನೂ ಮುಗಿದಿಲ್ಲ" ಅನ್ನುತ್ತೆ. ಅಲ್ಲಿಗೆ ಫೇಲ್. ಕಟ್ಟಿದ ಫೀಸೂ ಹೋಯ್ತು. ಸುಮ್ಮನೆ ಸೆನ್ಸರ್ ಬದಲಾಯಿಸಿ, ಊರೊಳಗೂ ಹೈವೇಲೂ ಕೆಲವು ದಿನ ಓಡಿಸಿ, ಆಮೇಲೆ ಹೋಗಿ ಮಾರಾಯ್ರೆ.