ಟೋಲ್ ಬ್ರಾಂಡಿರ್ ಎಂಬ ನಡುಗಡ್ಡೆ

ನಾವು ಈಚೆಗೆ ಮಕ್ಕಳೊಡನೆ ಕುಳಿತು ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಓದಿದೆವು. 1954-55ರಲ್ಲಿ ಬಂದ ಕಾದಂಬರಿ. ಅದರಲ್ಲಿ ಆಂಡುಯಿನ್ ಮಹಾನದಿ ಟೋಲ್ ಬ್ರಾಂಡಿರ್ ಎಂಬ ಕಡಿದಾದ ನಡುಗಡ್ಡೆಯನ್ನು ಕವಲೊಡೆದು ಬಳಸಿ, ರೌರೋಸ್ ಜಲಪಾತವಾಗಿ ಧುಮುಕುತ್ತದೆ. ಅಷ್ಟು ದೂರ ಕೂಡಿ ಬಂದ ಸಂಗಡಿಗರು ಆ ನಡುಗಡ್ಡೆಯ ಎದುರು ದಡದಲ್ಲೇ ಅಗಲುತ್ತಾರೆ. ಬೊರೊಮಿರ್ ಅಲ್ಲೇ ಮಡಿಯುತ್ತಾನೆ. ಫ್ರೋಡೋ, ಸ್ಯಾಮ್ ದೋಣಿಯೇರಿ ಪೂರ್ವಕ್ಕೆ ಹೋಗುತ್ತಾರೆ.

ಟೋಲ್ಕಿನ್ನರೂ ನಮ್ಮಂತೆ ಹುಟ್ಟೂರು ಬಿಟ್ಟವರೇ. 1892ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನಿನಲ್ಲಿ ಹುಟ್ಟಿ, ಮೂರನೆಯ ವಯಸ್ಸಿನಲ್ಲಿ ತಾಯಿಯೊಡನೆ ಇಂಗ್ಲೆಂಡಿಗೆ ಹೋದರು. ಅಲ್ಲಿಯೇ ಉಳಿದ ತಂದೆ 1896ರಲ್ಲಿ ತೀರಿಕೊಂಡರು. ಮಗ ಮತ್ತೆ ಅವರನ್ನು ಕಾಣಲಿಲ್ಲ.

ಕವಲಾದ ಹೊಳೆ ನಡುಗಡ್ಡೆ ದಾಟಿ ಮತ್ತೆ ಕೂಡುತ್ತದೆ. ಮನುಷ್ಯರಿಗೆ ಆ ಭರವಸೆಯಿಲ್ಲ. ಊರಲ್ಲಿ ನಮ್ಮ ತಂದೆಯವರಿಗೆ ಎಪ್ಪತ್ತೈದು ದಾಟಿದೆ. ಎಲ್.ಟಿ.ಸಿ.ಯನ್ನು ಈ ಸಲ ಕಾಶ್ಮೀರಕ್ಕಲ್ಲ, ಊರಿಗೇ ಬಳಸುತ್ತೇವೆ.